ಯಾರದ್ದೂ ಅಲ್ಲದ ಹಾಡು

ಅರ್ಧ ಆಯುಷ್ಯ ಹಾಡಿದರೂ ಗಾಯಕನಿಗೆ ಹೆಸರು ತಂದುಕೊಟ್ಟದ್ದು ಒಂದೇ ಹಾಡು. ಆ ಒಂದೂ ಅವನದಲ್ಲ. ಅತ್ತಿಗೆ ತನ್ನ ಕೂಸನ್ನು ಮಲಗಿಸುತ್ತ ಕಟ್ಟಿದ ಜೋಗುಳ ಅದು. ಅಣ್ಣನ ಮನೆಯಲ್ಲಿ ಬಾಗಿಲ ಮರೆಯಲ್ಲಿ ನಿಂತು ಕೇಳಿ, ಎರಡು ನುಡಿ ಬಾಯಿಪಾಠವಾದ ಕೂಡಲೇ ಮೆಲ್ಲಗೆ ಜಾರಿಕೊಂಡಿದ್ದ. ಕೂಸು ಉಳಿಯಲಿಲ್ಲ. ಅತ್ತಿಗೆ ಆಮೇಲೆ ಹಾಡಲೇ ಇಲ್ಲ. ಇನ್ನು ಕೇಳುವವರಾರು ಎಂದುಕೊಂಡು ರಚನೆ, ಸಂಗೀತ, ಗಾಯನ ಮೂರಕ್ಕೂ ತನ್ನ ಹೆಸರನ್ನೇ ಹಾಕಿಸಿಕೊಂಡ.

ಈಗ ಅವಳು ಕೃತಿಸ್ವಾಮ್ಯದ ದಾವೆ ಹೂಡಿದ್ದಳು. ಕಂಪನಿ ಅವನ ಹೊಸ ಆಲ್ಬಮ್ ತಡೆಹಿಡಿಯಿತು. ಸ್ಟುಡಿಯೋದ ಕಾವಲುಗಾರ ಕೂಡ ಅವನನ್ನು ಕಂಡರೆ ಎದ್ದು ನಿಲ್ಲುವುದನ್ನು ಬಿಟ್ಟ. ಕಳ್ಳನೆಂಬ ಪಟ್ಟ ಬಂದರೆ ಮತ್ತೆ ಮೈಕಿನ ಮುಂದೆ ನಿಲ್ಲುವಂತಿಲ್ಲ. ಹಾಡು ಬಿಟ್ಟರೆ ಅವನಿಗೆ ಬೇರೇನೂ ಬಾರದು.

ಆಗ ಉಪಾಯ ಹೊಳೆಯಿತು. ಹಾಡು ತನ್ನದೆಂದು ಸಾಧಿಸಲಾಗದು, ಸರಿ. ಅವಳದೂ ಅಲ್ಲವೆಂದು ಸಾಧಿಸಿದರೆ? ಬಾಯಿಂದ ಬಾಯಿಗೆ ಬಂದ ಹಳೆಯ ಹಾಡಿಗೆ ಒಡೆಯರಿಲ್ಲ. ಒಡೆಯರಿಲ್ಲದ ಮೇಲೆ ಕಳವೂ ಇಲ್ಲ. ಅಜ್ಜಿಯರ ಹಾಡನ್ನು ತನ್ನದೆಂದುಕೊಂಡ ಜಂಬಗಾರ ಅಂದಾರು. ಅನ್ನಲಿ, ಜಂಬಕ್ಕೆ ಶಿಕ್ಷೆಯಿಲ್ಲ.

ಸಾಕ್ಷಿ ಅವನ ಮನೆಯಲ್ಲೇ ಇದ್ದಳು, ಸೋದರತ್ತೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರದಷ್ಟು ಮುದುಕಿ. ತೊಳೆದಿಟ್ಟ ಸ್ಲೇಟು, ನಾನು ಬರೆದದ್ದೇ ಅಕ್ಷರ ಎಂದುಕೊಂಡ.

"ಅತ್ತೆ, ಈ ಹಾಡನ್ನ ನಿಮ್ಮಮ್ಮ ಹಾಡ್ತಿದ್ರು ಅಂತ ಹೇಳ್ಬೇಕು. ಅಷ್ಟೇ."

"ಸುಳ್ಳು ಹೇಳಿದ್ರೆ ಹಿಡಿದು ಹಾಕಲ್ವೇನೋ?"

"ಹೇಳದಿದ್ರೆ ನಾನು ಬದುಕಿದ್ದೂ ಸತ್ತ ಹಾಗೆ, ಅತ್ತೆ."

ಅವನ ದನಿ ಒಡೆದದ್ದು ನಟನೆಯಾಗಿರಲಿಲ್ಲ. ಮುದುಕಿ ಅವನ ಕೆನ್ನೆ ಸವರಿದಳು. "ಹೇಳ್ತೀನಿ ಬಿಡು. ನಿನ್ನ ಎತ್ತಿ ಆಡಿಸಿದ ಕೈ ಇದು."

ಅವನು ಹಾಡಿಕೊಟ್ಟ. ಎರಡೇ ಸಲಕ್ಕೆ ಅವಳು ಲಯ ತಪ್ಪದೆ ಹಾಡಿದಳು. "ಎಲ್ಲೋ ಕೇಳಿದ ಹಾಗಿದೆ ಕಣೋ."

"ಇದನ್ನೇ ಹೇಳಿ ಅತ್ತೆ, ಕೋರ್ಟಿನಲ್ಲೂ ಇದನ್ನೇ ಹೇಳಿ!" ತಾನು ಇಷ್ಟು ಚೆನ್ನಾಗಿ ಕಲಿಸಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ.

ನ್ಯಾಯಾಲಯದಲ್ಲಿ ಎಲ್ಲ ಎಣಿಸಿದಂತೆಯೇ ನಡೆಯಿತು. ಅತ್ತಿಗೆಯ ವಕೀಲರು ಎಷ್ಟು ಕೆದಕಿದರೂ "ನಮ್ಮಮ್ಮ ಹಾಡ್ತಿದ್ಲು" ಎಂಬ ಒಂದೇ ಮಾತು. ಕೊನೆಗೆ ನ್ಯಾಯಾಧೀಶೆ, "ಅಜ್ಜಿ, ಒಮ್ಮೆ ಹಾಡ್ತೀರಾ?" ಎಂದರು. ಮುದುಕಿ ಕಣ್ಣು ಮುಚ್ಚಿ, ಮಡಿಲಲ್ಲಿ ಮಗುವಿದ್ದಂತೆ ಮೊಣಕಾಲು ತೂಗಿದಳು.

"ನಿದ್ದೆಯ ದೋಣಿ ದಡಕೆ ಬಂತು, ಅಳುವನು ಇಲ್ಲೇ ಇಳಿಸಿ ಬಾ..."

ಎರಡು ನುಡಿ ಮುಗಿದವು. ಗಾಯಕ ನಿಟ್ಟುಸಿರು ಬಿಟ್ಟ. ಮುದುಕಿ ಮಾತ್ರ ನಿಲ್ಲಿಸಲಿಲ್ಲ. ಅವನು ಕೇಳದೆ ಜಾರಿಕೊಂಡಿದ್ದ, ಅತ್ತಿಗೆ ದಾವೆಯಲ್ಲೂ ಬರೆಯದೆ ಎದೆಯಲ್ಲೇ ಇಟ್ಟುಕೊಂಡಿದ್ದ ಮೂರನೆಯ ನುಡಿ ಬಂತು: "ಆರು ಬೆರಳ ಪುಟ್ಟ ಕೈಯೇ, ಅಮ್ಮನ ಬೆರಳ ಹಿಡಿದು ಬಾ..." ಎದುರು ಬೆಂಚಿನಲ್ಲಿ ಅತ್ತಿಗೆ ಬಾಯಿಗೆ ಕೈ ಒತ್ತಿಕೊಂಡಳು. "ಆರು ಬೆರಳಿನ ಮಗು ಯಾರದು ಅಜ್ಜಿ?" ನ್ಯಾಯಾಧೀಶೆ ಮೆಲ್ಲಗೆ ಕೇಳಿದರು. ಮುದುಕಿ ಕಣ್ಣು ತೆರೆದು, ಇದೂ ಒಂದು ಪ್ರಶ್ನೆಯೇ ಎಂಬಂತೆ ಅತ್ತಿಗೆಯ ಕಡೆ ಕೈ ತೋರಿಸಿದಳು. "ಇನ್ಯಾರದು? ಇವಳ ಕೂಸು. ಬಾಣಂತನ ಮಾಡಿದವಳು ನಾನೇ ಅಲ್ವಾ?"