ಗಂಡನಿಗೆ ಬಲೆ ಬೀಸಿದ ಪುಟ್ಟೀರಿ

ಬಲು ಹಿಂದೆ, ಮಂಜಿನಾಡು ಎಂಬ ರಾಜ್ಯವೊಂದಿತ್ತು. ಅದಕ್ಕೊಬ್ಬ ರಾಜನೂ ಇದ್ದ. ಅವನಿಗೆ ಆನೆ ಇತ್ತು, ಅರಮನೆ ಇತ್ತು, ತಿಂದದ್ದು ಅರಗದ ಹೊಟ್ಟೆಯೂ ಇತ್ತು. ಅವನ ಮಾತು ಇಷ್ಟು ಸಾಕು. ಈ ಕತೆ ಅವನದಲ್ಲ, ಪುಟ್ಟೀರಿಯದು.

ರಾಜ್ಯದ ತುತ್ತತುದಿಯಲ್ಲಿ ಬೆಳ್ಳಿಗೊಂಬು ಎಂಬ ಬೆಟ್ಟ. ಬೆಟ್ಟದ ಬುಡದಲ್ಲಿ ಹೊಳೆ, ಹೊಳೆಯ ಪಕ್ಕದಲ್ಲಿ ಬೆಸ್ತರ ಹಟ್ಟಿ. ಆ ಹಟ್ಟಿಯಲ್ಲಿ ಪುಟ್ಟೀರಿ, ಅವಳ ಗಂಡ ದೊಡ್ಡೀರ, ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತ ಮಗಳು ಸೀಬಿ. ದೊಡ್ಡೀರ ಒಳ್ಳೆಯವನು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಬಲೆ ನೇಯುತ್ತಿದ್ದ. ಆದರೆ ಗೆಳೆಯರು ಸಿಕ್ಕಿದರೆ ಮುಗಿಯಿತು. ಬುದ್ಧಿಯನ್ನು ಮನೆಯ ಗೂಟಕ್ಕೆ ನೇತುಹಾಕಿ ಹೊರಟುಬಿಡುತ್ತಿದ್ದ.

ಹಾಗೆಯೇ ಒಂದು ದಿನ "ನೂಲು ತರಲು ಸಂತೆಗೆ ಹೋಗುತ್ತೇನೆ" ಎಂದು ಹೇಳಿ, ಗೆಳೆಯರಾದ ಜವರ ಮತ್ತು ಕಾಳಿಂಗನ ಜೊತೆ ಹೊರಟ. ಸಂತೆಗೆ ಹೋಗುವವನಿಗೆ ಕಂಬಳಿ ಯಾಕೆ, ಬೀಸುಬಲೆ ಯಾಕೆ ಎಂದು ಪುಟ್ಟೀರಿ ಕೇಳಲಿಲ್ಲ. ಮಗುವಿಗೆ ಹಲ್ಲು ಬರುವ ಜ್ವರ. ಕೇಳಲು ಪುರುಸೊತ್ತೆಲ್ಲಿ?

ಹೋದವರು ಮೂವರು, ಬಂದವರು ಇಬ್ಬರು. ಜವರನ ಕೈಯಲ್ಲಿ ದೊಡ್ಡೀರನ ಪೇಟ ಇತ್ತು.

"ಅವರೆಲ್ಲಿ?" ಎಂದಳು ಪುಟ್ಟೀರಿ.

ಜವರ ಕಾಳಿಂಗನ ಮುಖ ನೋಡಿದ. ಕಾಳಿಂಗ ನೆಲ ನೋಡಿದ.

"ಅತ್ತಿಗೆ, ಬೆಟ್ಟದ ಮೇಲಿನ ಕೊಳಕ್ಕೆ ಮೀನು ಹಿಡಿಯೋಕೆ ಹೋಗಿದ್ವಿ. ಅಲ್ಲೊಬ್ಬ ಸನ್ಯಾಸಿ ಒಂಟಿಕಾಲಲ್ಲಿ ನಿಂತಿದ್ದ. ಕಮಂಡಲದ ನೀರು ಕೊಟ್ಟ. ನಾವಿಬ್ಬರೂ ಒಲೆ ಯಾರು ಹಚ್ಚಬೇಕು ಅಂತ ಜಗಳ ಆಡ್ತಿದ್ವಿ. ಅಣ್ಣ ಕುಡಿದುಬಿಟ್ಟ."

"ಕುಡಿದರೆ?"

"ಮೀನಾಗಿಬಿಟ್ಟ."

ಅವನು ಸನ್ಯಾಸಿಯಲ್ಲ, ಬಕಾಂಗ ಎಂಬ ಮಾಂತ್ರಿಕ. ಸೊಂಟದ ಮೇಲೆ ಮನುಷ್ಯ, ಕೆಳಗೆ ಕೊಕ್ಕರೆಯ ಕಾಲು; ಹಸಿದಾಗ ಮೂಗು ಉದ್ದ ಕೊಕ್ಕಾಗುತ್ತಿತ್ತು. ಬೆಟ್ಟಕ್ಕೆ ಬಂದವರನ್ನು ಮೀನು ಮಾಡಿ ಕೊಳದಲ್ಲಿ ಕೂಡಿಹಾಕುತ್ತಿದ್ದ. ಚಳಿಗಾಲದಲ್ಲಿ ಎಲ್ಲಕ್ಕೂ ಮೇಲಿನ ಕೊಳ ಹೆಪ್ಪುಗಟ್ಟಿದ ದಿನ ಅವನಿಗೆ ಹಬ್ಬದೂಟ. ಆದರೆ ಮಾಟಕ್ಕೂ ಒಂದು ಕಟ್ಟಳೆ ಇರುತ್ತದೆ. ಅದನ್ನು ಬಕಾಂಗನೇ ನಗುತ್ತಾ ಇವರಿಗೆ ಹೇಳಿ ಕಳಿಸಿದ್ದ. ಬೆಟ್ಟದಲ್ಲಿ ಮೂರು ಕೊಳ. ಒಂದೊಂದು ಕೊಳಕ್ಕೆ ಒಂದೇ ಸಲ ಬಲೆ ಬೀಸಬೇಕು. ಬಲೆಗೆ ಬಿದ್ದ ಮೀನನ್ನು ಎತ್ತಿ ಒಣನೆಲಕ್ಕೆ ಇಟ್ಟರೆ ಅದು ಮತ್ತೆ ಮನುಷ್ಯ. ಒಬ್ಬರಿಗೆ ಒಂದು ಕೊಳದಲ್ಲಿ ಒಂದೇ ಮೀನು. ಬಲೆ ಬೀಸಿದವರು ಹಗ್ಗ ಬಿಟ್ಟರೆ ಎಲ್ಲ ಮುಗಿಯಿತು.

"ಇಷ್ಟು ಕೇಳಿಕೊಂಡು ನೀವಿಬ್ಬರೂ ಎದ್ದು ಬಂದಿರಾ?"

"ಹೆದರಿಕೆ ಆಯ್ತು, ಅತ್ತಿಗೆ."

"ಉಣ್ಣುವಾಗ ಆಗದ ಹೆದರಿಕೆ! ಏಳಿ, ಕಂಬಳಿ ಕಟ್ಟಿ. ದಾರಿ ತೋರಿಸೋಕಾದರೂ ಆದೀತಲ್ಲ ನಿಮ್ಮ ಕೈಲಿ."

ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದಳು. ಸೀಬಿ ತನ್ನ ಎರಡು ಹಲ್ಲು ತೋರಿಸಿ ಅತ್ತಳು. ಪುಟ್ಟೀರಿ ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲ.

ಹುರಿಹಿಟ್ಟು, ಬೆಲ್ಲ, ಕಂಬಳಿ, ಬೀಸುಬಲೆ ಹೊತ್ತು ಮೂವರೂ ಹತ್ತಿದರು. ಕಾಡು ಮುಗಿಯಿತು, ಹುಲ್ಲು ಬಂತು. ಹುಲ್ಲು ಮುಗಿಯಿತು, ಬರಿ ಕಲ್ಲು ಬಂತು. ಉಸಿರು ಗಂಟಲಲ್ಲೇ ತುಂಡಾಗುತ್ತಿತ್ತು. ಜವರ ಹೆಜ್ಜೆಗೊಮ್ಮೆ ಕೂರುತ್ತಿದ್ದ. "ಬೆಲ್ಲ ಭಾರ ಆಯ್ತು ಅತ್ತಿಗೆ, ಸ್ವಲ್ಪ ತಿಂದು ಹಗುರ ಮಾಡ್ಲಾ?" ಎನ್ನುತ್ತಿದ್ದ.

ಮೊದಲು ಸಿಕ್ಕಿದ್ದು ಕೆಳಗೊಳ. ಆಕಾಶದ ಒಂದು ಚೂರು ಕಳಚಿ ಕಲ್ಲುಗಳ ನಡುವೆ ಬಿದ್ದಹಾಗಿತ್ತು. ಆಚೆ ದಡದಲ್ಲಿ ಬಕಾಂಗ ಒಂಟಿಕಾಲಲ್ಲಿ ಕಣ್ಣು ಮುಚ್ಚಿ ನಿಂತಿದ್ದ.

ಪುಟ್ಟೀರಿ ಸೆರಗು ಬಿಗಿದು ಬಲೆ ಬೀಸಿದಳು. ಎಳೆದರೆ ಒಂದೇ ಒಂದು ಮೀನು. ಮೊಳದುದ್ದ, ಮೈಯೆಲ್ಲ ಬೆಳ್ಳಿ. ಅವಳ ಅಂಗೈಯಲ್ಲಿ ಅದು ಒದ್ದಾಡಲಿಲ್ಲ. ಸುಮ್ಮನೆ ನೋಡಿತು.

ಬೆಸ್ತರ ಹಟ್ಟಿಯಲ್ಲಿ ಒಂದು ಪದ್ಧತಿ. ಹೊಸ ನೀರಿಗೆ ಇಳಿದಾಗ ಕೈಗೆ ಬಂದ ಮೊದಲ ಮೀನು ಗಂಗಮ್ಮನದು. ಮನೆಯಲ್ಲಿ ಒಲೆ ಹತ್ತದಿದ್ದರೂ ಅದನ್ನು ಬಿಡಲೇಬೇಕು. ಹುಟ್ಟಿದಂದಿನಿಂದ ಕಂಡದ್ದು, ಕೈ ಬಲಿತಾಗಿನಿಂದ ಮಾಡಿದ್ದು. ಕಾಳಿಂಗ ಕೇಳದೆಯೇ ಸೊಂಟದ ಚೀಲದಿಂದ ಅರಿಶಿನ ತೆಗೆದು ಚಾಚಿದ. ಪುಟ್ಟೀರಿ ಮೀನಿನ ಹಣೆಗೆ ಅರಿಶಿನ ಸವರಿದಳು. "ತಾಯಿ ಪಾಲು ತಾಯಿಗೆ" ಎಂದಳು. ನೀರಿಗೆ ಬಿಟ್ಟಳು.

ಆಚೆ ದಡದಲ್ಲಿ ಬಕಾಂಗ ಕಣ್ಣು ತೆರೆದ.

"ಎಂಥ ಭಕ್ತಿಯಮ್ಮಾ ನಿನ್ನದು! ಗಂಡನ ಹಣೆಗೆ ಅರಿಶಿನ ಹಚ್ಚಿ ಕೈಯಾರೆ ಬಿಟ್ಟೆಯಲ್ಲ! ಬೆಸ್ತರು ಮೊದಲ ಮೀನು ಇಟ್ಟುಕೊಳ್ಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದಕ್ಕೇ ಅವನನ್ನೇ ಮುಂದೆ ತಳ್ಳಿದೆ."

ಅಷ್ಟು ಹೇಳಿ ರೆಕ್ಕೆಯಂಥ ತೋಳು ಬೀಸಿದ. ಕೊಳದ ಮೀನೆಲ್ಲ ಮೇಲಿನ ಕೊಳದಿಂದ ಧುಮುಕುವ ಜಲಪಾತವನ್ನು ಹತ್ತಿ ಮೇಲಕ್ಕೆ ಹೋದವು.

ಪುಟ್ಟೀರಿ ಅಲ್ಲೇ ಕಲ್ಲಿನ ಮೇಲೆ ಕುಸಿದಳು. ಅಂಗೈಯಲ್ಲಿ ಅರಿಶಿನ ಇನ್ನೂ ಹಸಿ ಇತ್ತು. ಅವಳ ಬಾಯಿಂದ ಬೈಗುಳ ಬರಲಿಲ್ಲ. ಅದನ್ನು ಕಂಡು ಜವರನಿಗೆ ನಿಜವಾಗಿ ಹೆದರಿಕೆಯಾಯಿತು.

"ಅತ್ತಿಗೆ, ಏನಾದರೂ ಬಯ್ಯಿ" ಎಂದ. "ನನ್ನನ್ನೇ ಬಯ್ಯಿ."

"ನಿನ್ನ ಬೈದು ಏನು ಬಂತೋ? ನನ್ನ ಕಣ್ಣನ್ನೇ ನೋಡ್ತಿದ್ದರು ಕಣೋ. ನನಗೆ ತಿಳೀಲಿಲ್ಲ."

ಕಾಳಿಂಗ ಹುರಿಹಿಟ್ಟು ಕಲಸಿ ಉಂಡೆ ಮಾಡಿ ಅವಳ ಕೈಗಿಟ್ಟ. ಅವಳು ತಿಂದಳು, ಎದ್ದಳು.

ನಡುಗೊಳಕ್ಕೆ ಹೋಗುವ ಕಣಿವೆಯಲ್ಲಿ ಬಕಾಂಗ ಒಂದು ಎಮ್ಮೆಯನ್ನು ಕಾವಲಿಟ್ಟಿದ್ದ. ಆನೆಯಷ್ಟು ಎತ್ತರ, ಮಂಜುಗಡ್ಡೆಯ ಕೋಡು, ಮೂಗಿನಿಂದ ಹಿಮದ ಹೊಗೆ. ಅದು ನೆಲ ಕೆರೆದು ಕೂಗಿದಾಗ ಕಲ್ಲುಗಳು ಉರುಳಿದವು. ಜವರ ಒಂದು ಬಂಡೆಯ ಹಿಂದೆ, ಕಾಳಿಂಗ ಜವರನ ಹಿಂದೆ.

ಪುಟ್ಟೀರಿ ಕೋಡು ನೋಡಲಿಲ್ಲ, ಕೆಚ್ಚಲು ನೋಡಿದಳು. ಅದು ಬಿಗಿದು ಕೆಂಪಾಗಿ ಕಲ್ಲಾಗಿತ್ತು. ಮಗುವನ್ನು ಬಿಟ್ಟು ಬಂದ ಅವಳ ಎದೆಯೂ ಹಾಗೇ ಬಿಗಿದಿತ್ತು. ರವಿಕೆ ಒದ್ದೆಯಾಗಿತ್ತು.

"ಕರುವನ್ನು ಕಿತ್ತುಕೊಂಡನೇನೇ ಆ ಪಾಪಿ?" ಎಂದು ಮೆಲ್ಲಗೆ ಪಕ್ಕಕ್ಕೆ ಹೋದಳು. "ನಿಲ್ಲು ನನ್ನವ್ವ. ನೋವು ನನಗೆ ಗೊತ್ತು. ಕೂಗಿಕೊಂಡರೆ ಇಳಿಯೋದಿಲ್ಲ ಅದು."

ಕೂತು ಹಾಲು ಕರೆದಳು. ಹಾಲು ಕಲ್ಲಿನ ಮೇಲೆ ಹರಿಯಿತು. ಕರೆಯುತ್ತ ಕರೆಯುತ್ತ ಎಮ್ಮೆ ಚಿಕ್ಕದಾಯಿತು, ಕೋಡು ಕರಗಿತು. ಕೊನೆಗೆ ಅದು ಬರಿಯ ಒಂದು ಬಡ ಎಮ್ಮೆ. ಅವಳ ಹೆಗಲು ನೆಕ್ಕಿ, ಕರುವನ್ನು ಹುಡುಕುತ್ತ ಇಳಿದು ಹೋಯಿತು.

ನಡುಗೊಳದ ನೀರು ಹಸಿರು. ಬಲೆ ಬೀಸುವ ಮೊದಲು ಪುಟ್ಟೀರಿ ಮೇಲೆ ನೋಡಿ ಕೈಮುಗಿದಳು. "ಗಂಗಮ್ಮಾ, ಈ ಸಲ ಮೊದಲ ಮೀನು ನಿನಗೆ ಕೊಡೋದಿಲ್ಲ. ಸಿಟ್ಟು ಮಾಡಿಕೊಳ್ಳೋದಾದರೆ ಮಾಡಿಕೋ. ನೀನೂ ಹೆಂಗಸು." ಕಾಳಿಂಗ ಅರಿಶಿನದ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡ.

ಈ ಸಲವೂ ಒಂದೇ ಮೀನು. ಪುಟ್ಟೀರಿ ಅದನ್ನು ಎದೆಗವಚಿ ಓಡಿ ಒಣನೆಲಕ್ಕಿಟ್ಟಳು. ಮೀನು ನಡುಗಿತು, ಬೆಳೆಯಿತು, ಎದ್ದು ಕೂತಿತು. ಬಿಳಿ ಗಡ್ಡ, ಬಾಗಿದ ಬೆನ್ನು, ಕುರಿಗಾಹಿ ಮುದುಕ!

ಜವರ ಬಾಯಿ ತೆರೆದವನು ಮುಚ್ಚಲಿಲ್ಲ. ಪುಟ್ಟೀರಿಗೆ ಅಳು ಬಂತು. ಅಳುವಿನ ಜೊತೆಗೆ ಮಾತೂ ಬಂತು.

"ಯಾರದೋ ಗಂಡನ್ನ ತಂದುಕೊಂಡು ನಾನೇನು ಮಾಡಲಿ?"

ಮುದುಕ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. "ಬೆರಳು" ಎಂದ. "ತಾಯಿ, ಬೆರಳಿವೆ ನನಗೆ." ಆಮೇಲೆ ಅವಳ ಮುಖ ನೋಡಿ ಸಣ್ಣಗಾದ. "ನಿನಗೆ ಬೇಕಾದವನು ನಾನಲ್ಲ, ಅಲ್ಲವೇ? ಬೇಕಾದರೆ ನನ್ನನ್ನು ಮತ್ತೆ ನೀರಿಗೆ ಹಾಕು, ಮಗಳೇ."

"ಮುದುಕರು ಬಾಯಿಗೆ ಬಂದದ್ದು ಆಡಬಾರದು" ಎಂದು ಪುಟ್ಟೀರಿ ಮೂಗು ಒರೆಸಿಕೊಂಡಳು. ತನ್ನ ಕಂಬಳಿ ತೆಗೆದು ಅವನಿಗೆ ಹೊದಿಸಿದಳು. "ಲೋ ಜವರ, ಅಜ್ಜನಿಗೆ ಬೆಲ್ಲ ಕೊಡು. ಇನ್ನೂ ಉಳಿದಿದ್ದರೆ."

ಉಣ್ಣುತ್ತ ಮುದುಕ ಹೇಳಿದ. ಅವನ ಹೆಸರು ಗುರುಬಸ. ಕಳೆದುಹೋದ ಕುರಿ ಹುಡುಕುತ್ತ ಹರೆಯದಲ್ಲಿ ಬಂದವನು. ಪ್ರತಿ ಚಳಿಗಾಲ ಬಕಾಂಗನ ಕೊಕ್ಕಿಗೆ ಸಿಗದೆ ಕೆಸರಲ್ಲಿ ಹುದುಗಿ ಬದುಕಿದವನು.

"ಈ ಕೊಳಗಳಲ್ಲಿ ನಿಜವಾದ ಮೀನು ಒಂದೂ ಇಲ್ಲ, ಮಗಳೇ. ಎಲ್ಲರೂ ಯಾರದೋ ಮನೆಯವರೇ. ಉಳಿದವರನ್ನೆಲ್ಲ ಅವನು ಆಗಲೇ ನೆತ್ತಿಗೊಳಕ್ಕೆ ಅಟ್ಟಿದ್ದಾನೆ."

ನೆತ್ತಿಗೊಳ ಬೆಟ್ಟದ ತುದಿಯಲ್ಲಿತ್ತು. ಸುತ್ತ ಹಿಮ, ಮೇಲೆ ಬೂದು ಬಾನು. ದಡದಿಂದ ಮಂಜುಗಡ್ಡೆ ಕಟಕಟ ಎನ್ನುತ್ತ ನಡುವಿಗೆ ಬೆಳೆಯುತ್ತಿತ್ತು. ಬಕಾಂಗ ನೀರಿನಲ್ಲಿ ಒಂಟಿಕಾಲೂರಿ ಕೊಕ್ಕು ಮಸೆಯುತ್ತಿದ್ದ.

ಕೊನೆಯ ಬಲೆ. ಪುಟ್ಟೀರಿ ಬೀಸಿದಳು. ಹಗ್ಗ ಎಳೆದರೆ ಬರಲಿಲ್ಲ. ಮೂವರೂ ಅವಳ ಸೊಂಟ ಹಿಡಿದು ಎಳೆದರು. ಕೊಳದ ಮೀನೆಲ್ಲ ಬಲೆಯಲ್ಲಿತ್ತು! ನೂರಾರು, ಒಂದರ ಹಾಗೆ ಇನ್ನೊಂದು.

ಪುಟ್ಟೀರಿ ಗಂಟಲು ಸರಿಮಾಡಿಕೊಂಡಳು.

"ಏನ್ರೀ! ನೂಲು ತಂದಿರಾ?"

ಎಲ್ಲ ಮೀನುಗಳೂ ತಲೆ ಎತ್ತಿ ಅವಳನ್ನು ನೋಡಿದವು. ಒಂದು ಮಾತ್ರ ತಲೆ ತಗ್ಗಿಸಿ, ಸದ್ದಿಲ್ಲದೆ, ಬಲೆಯ ತಳಕ್ಕೆ ಜಾರಿ ಎಲ್ಲರ ಅಡಿಗೆ ಸೇರಿಕೊಂಡಿತು.

"ಅವನೇ!" ಎಂದರು ಜವರ, ಕಾಳಿಂಗ ಒಟ್ಟಿಗೆ.

ಬಕಾಂಗನ ಮುಖ ಕಪ್ಪಿಟ್ಟಿತು. ಆಮೇಲೆ ಬೆಣ್ಣೆಯ ದನಿ ಮಾಡಿದ. "ಭಲೇ. ಅವನನ್ನು ನಾನೇ ತಳದಿಂದ ಎತ್ತಿಕೊಡುತ್ತೇನೆ. ನೀನು ಹಗ್ಗ ಬಿಡು. ಗಂಡ ನಿನಗೆ, ಉಳಿದವು ನನಗೆ. ಮಂಜು ಮುಚ್ಚಿದರೆ ಅವನೂ ನಿನಗಿಲ್ಲ."

"ಅತ್ತಿಗೆ, ಒಪ್ಪಿಕೊಂಡುಬಿಡು" ಎಂದ ಜವರ. "ಸೀಬಿ ಕಾಯ್ತಾ ಇರ್ತಾಳೆ."

ಪುಟ್ಟೀರಿಯ ಬೆರಳು ಸಡಿಲವಾಯಿತು. ಒಂದು ಗಳಿಗೆ ಅವಳ ಕಣ್ಣಿಗೆ ಎರಡು ಹಲ್ಲಿನ ಬಾಯಿ ಬಿಟ್ಟು ಬೇರೆ ಏನೂ ಕಾಣಲಿಲ್ಲ. ಪಕ್ಕದಲ್ಲಿ ಗುರುಬಸಜ್ಜ ಬಲೆಯನ್ನೇ ನೋಡುತ್ತಿದ್ದ. ಆ ಮೀನುಗಳ ಕಣ್ಣುಗಳೆಲ್ಲ ಅವಳ ಮೇಲಿದ್ದವು. ಕೆಳಗೊಳದಲ್ಲಿ ಒಂದು ಮೀನು ನೋಡಿತ್ತಲ್ಲ, ಹಾಗೆಯೇ.

ಅವಳು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು.

"ಬಿಡೋದಿಲ್ಲ. ಇವರ ಒಬ್ಬೊಬ್ಬರ ಮನೆಯಲ್ಲೂ ನನ್ನಂಥವಳು ಒಬ್ಬಳು ಬೈಕೊಂಡು ಕೂತಿರ್ತಾಳೆ. ಲೋ ಕಾಳಿಂಗ, ಒಬ್ಬರಿಗೆ ಒಂದು ಮೀನು ಅಂತಲ್ಲವಾ ಕಟ್ಟಳೆ? ನೀನೊಬ್ಬ, ಜವರ ಒಬ್ಬ, ಅಜ್ಜ ಒಬ್ಬ. ಎತ್ತಿ ನೆಲಕ್ಕಿಡಿ! ಎದ್ದವರೂ ಮನುಷ್ಯರೇ ತಾನೆ? ಅವರಿಗೂ ಒಂದೊಂದು!"

ಮೂವರು ಎತ್ತಿದ ಮೂರು ಮೀನು ಮೂವರು ಮನುಷ್ಯರಾಗಿ ಎದ್ದವು. ಆ ಮೂವರು ಇನ್ನು ಮೂವರನ್ನು ಎತ್ತಿದರು. ಬಡಗಿ ಎದ್ದ, ಬಳೆಗಾರ ಎದ್ದ, ಸೊಪ್ಪು ಕೀಳಲು ಬಂದಿದ್ದ ಅಕ್ಕತಂಗಿಯರು ಎದ್ದರು. ಎದ್ದವರು ಅಳುತ್ತ ನಗುತ್ತ ಮುಂದಿನವರನ್ನು ಎತ್ತಿದರು. ಬಕಾಂಗ ಕೂಗಿದ, ಹಿಮದ ಗಾಳಿ ಎಬ್ಬಿಸಿದ. ಮಂಜುಗಡ್ಡೆ ಬಲೆಯ ಅಂಚು ಮುಟ್ಟಿತು. ಹಗ್ಗ ಪುಟ್ಟೀರಿಯ ಚರ್ಮ ಕೊಯ್ದು ಕೆಂಪಾಯಿತು. ಅವಳು ಹಲ್ಲು ಕಚ್ಚಿ ನಿಂತಳು.

ಕೊನೆಗೆ ಬಲೆಯಲ್ಲಿ ಉಳಿದದ್ದು ಒಂದೇ. ಅದರ ಬಾಲ ಆಗಲೇ ಮಂಜಿನಲ್ಲಿ ಸಿಕ್ಕಿತ್ತು.

"ಎಲ್ಲರೂ ಆದರು. ಇನ್ನು ನನ್ನದು" ಎಂದು ಪುಟ್ಟೀರಿ ನೀರಿಗೆ ಕೈಹಾಕಿದಳು. ಬೆರಳು ಮರಗಟ್ಟಿದ್ದವು, ಮೀನು ಜಾರಿತು. ಮೊಣಕೈಯಿಂದ ಮಂಜು ಒಡೆದು, ಸೆರಗಿನಲ್ಲಿ ಅದನ್ನು ಬಾಚಿಕೊಂಡಳು. ಹಿಂದಿನಿಂದ ನೂರಾರು ಕೈಗಳು ಅವಳನ್ನು ದಡಕ್ಕೆ ಎಳೆದವು.

ಸೆರಗು ಬಿಚ್ಚಿದರೆ ದೊಡ್ಡೀರ. ನಡುಗುತ್ತಿದ್ದ.

"ಪುಟ್ಟೀ, ನಾನು..."

"ಮಾತಾಡಬೇಡಿ. ಮೊದಲು ಕಂಬಳಿ ಹೊದ್ದುಕೊಳ್ಳಿ. ಬೈಯೋದು ಬಹಳ ಇದೆ, ದಾರಿಯುದ್ದಕ್ಕೂ ಬೈತೀನಿ." ಹಾಗೆಂದು ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದು ಗಟ್ಟಿಯಾಗಿ ಅತ್ತುಬಿಟ್ಟಳು.

ಹಿಡಿದಿಟ್ಟವರೆಲ್ಲ ಹೋದ ಮೇಲೆ ಹಿಡಿದವನ ಮಾಟ ಯಾವುದರ ಮೇಲೆ ನಿಂತೀತು? ಬಕಾಂಗ ಕುಗ್ಗಿ ಕುಗ್ಗಿ ಬರಿಯ ಒಂದು ಕೊಕ್ಕರೆಯಾದ. ಊರಿದ್ದ ಒಂಟಿಕಾಲು ಮಂಜಿನಲ್ಲಿ ಸಿಕ್ಕಿಕೊಂಡಿತ್ತು. ರೆಕ್ಕೆ ಬಡಿದು ಅರಚುತ್ತಿತ್ತು. ಜನ ಕಲ್ಲು ಎತ್ತಿಕೊಂಡರು. ಗುರುಬಸಜ್ಜ ಮಾತ್ರ ಹತ್ತಿರ ಹೋಗಿ, ಕೂತು, ಕಲ್ಲಿನಿಂದ ಅದರ ಕಾಲ ಸುತ್ತ ಮಂಜು ಒಡೆದ.

"ಅಜ್ಜ, ನಿನ್ನ ಹರೆಯ ತಿಂದದ್ದು ಅದೇ ಕಣಜ್ಜ!" ಎಂದಳು ಪುಟ್ಟೀರಿ.

"ತಿಂದವನು ಹೋದ ಮಗಳೇ. ಇದು ಹಕ್ಕಿ. ಸಿಕ್ಕಿಕೊಂಡರೆ ಹೇಗಿರುತ್ತೆ ಅಂತ ನನಗೆ ಗೊತ್ತು."

ಕೊಕ್ಕರೆ ಹಾರಿ ಹೋಯಿತು. ಪುಟ್ಟೀರಿ ಒಪ್ಪಲಿಲ್ಲ, ತಡೆಯಲೂ ಇಲ್ಲ.

ಎಲ್ಲರೂ ಇಳಿದರು. ದಾರಿಯಲ್ಲಿ ಗುರುಬಸಜ್ಜನ ಊರು. ಅವನು ಅಂಗಳದಲ್ಲಿ ನಿಂತು ಒಳಗೆ ಹೋಗಲು ಹೆದರಿದ. ತಲೆ ಹಣ್ಣಾದ ಮುದುಕಿಯೊಬ್ಬಳು ಬಾಗಿಲಿಗೆ ಬಂದಳು. ಬಹಳ ಹೊತ್ತು ನೋಡಿದಳು.

"ಕುರಿ ಸಿಕ್ತಾ?" ಎಂದಳು.

"ಇಲ್ಲ."

"ಹೋಗಲಿ ಬಿಡು. ಕೈಕಾಲು ತೊಳ್ಕೊಂಡು ಒಳಗೆ ಬಾ."

ಆ ಚಳಿಗಾಲ ಮಂಜಿನಾಡಿನಲ್ಲಿ ತುಂಬಾ ಮನೆಗಳಲ್ಲಿ ಒಂದೊಂದು ತಟ್ಟೆ ಹೆಚ್ಚಿಗೆ ಇಟ್ಟರು. ರಾಜ ಪುಟ್ಟೀರಿಯನ್ನು ಕರೆಸಿ ಏನು ಬೇಕೆಂದು ಕೇಳಿದ. "ಒಂದು ಹೊತ್ತು ನಿದ್ದೆ ಬೇಕಾಗಿತ್ತು, ಅದು ನಿಮ್ಮ ಬೊಕ್ಕಸದಲ್ಲಿ ಇದೆಯಾ?" ಎಂದು ಕೇಳಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು.

ಬೇಸಿಗೆ ಬಂತು. ಕೊಳಗಳಲ್ಲಿ ಮಂಜು ಕರಗಿ, ಕೆಳಗಿನ ಹೊಳೆಯಿಂದ ನಿಜವಾದ ಮೀನುಗಳು ಹತ್ತಿ ಬಂದವಂತೆ ಎಂಬ ಸುದ್ದಿ ಬಂತು. ಹಟ್ಟಿಯಿಂದ ಒಂದು ಗುಂಪು ಕಂಬಳಿ, ಬುತ್ತಿ, ಬಲೆ ಕಟ್ಟಿಕೊಂಡು ಬೆಟ್ಟ ಹತ್ತಿತು. ಎಲ್ಲರೂ ಹೆಂಗಸರೇ. ಮುಂದೆ ಪುಟ್ಟೀರಿ, ದೊಡ್ಡ ದನಿಯಲ್ಲಿ ನಗುತ್ತ.

ಹಟ್ಟಿಯಲ್ಲಿ ದೊಡ್ಡೀರ, ಜವರ, ಕಾಳಿಂಗ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಗಂಜಿ ಕುಡಿಸುತ್ತಿದ್ದರು. ಒಲೆ ಯಾರು ಹಚ್ಚಬೇಕೆಂದು ಯಾರೂ ಜಗಳ ಆಡಲಿಲ್ಲ. ಅವರೂ ಸುಖವಾಗಿದ್ದರು, ಬೆಟ್ಟ ಹತ್ತಿದವರಂತೂ ಇನ್ನೂ ಸುಖವಾಗಿದ್ದರು. ಕತೆ ಕೇಳಿದವರ ಮನೆಯಲ್ಲೂ ಹೊರಗೆ ಹೋದವರು ಹೊತ್ತಿಗೆ ಸರಿಯಾಗಿ ತಿರುಗಿ ಬರಲಿ.