ಅಳಿಸಿಹೋದ ಮೂವತ್ತು ದಿನ

"ಆ ಲೋಹದ ಉಂಗುರ ಇರುವ ಕವರ್ ತೆಗೆಯದೆ ಇಟ್ಟರೆ ಫೋನ್ ಚಾರ್ಜ್ ಆಗುವುದಿಲ್ಲ. ಸುಮ್ಮನೆ ಬಿಸಿ ಆಗ್ತದೆ, ಅಷ್ಟೇ."

ತನ್ನನ್ನು ನೋಡಲು ಬಂದ ಹುಡುಗನೊಂದಿಗೆ ಸಬೀಹಾ ಆಡಿದ ಮೊದಲ ಮಾತು ಇದು!

ವಾಮದಪದವಿನ ಆ ಮನೆಯಲ್ಲಿ ಶರಬತ್ತು ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಅವಳತ್ತ ತಿರುಗಿದರು. ಒಳಬಾಗಿಲಲ್ಲಿ ನಿಂತಿದ್ದ, ಅವಳನ್ನು ಹೆತ್ತ ಉಮ್ಮ ಹಣೆ ಮುಟ್ಟಿಕೊಂಡರು. ಬಿ.ಸಿ.ರೋಡಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟ ನೌಫಲ್‌ಗೆ, ಅವನೇ ಉಡುಗೊರೆ ತಂದ ವೈರ್‌ಲೆಸ್ ಚಾರ್ಜರಿನ ಬಗ್ಗೆ ಪಾಠ ಹೇಳುವುದೆಂದರೆ!

ನೌಫಲ್ ಕವರ್ ತೆಗೆದು ಫೋನನ್ನು ಮತ್ತೆ ಇಟ್ಟ. ದೀಪ ಹತ್ತಲಿಲ್ಲ. ಸಬೀಹಾ ಮುಂದೆ ಬಂದು ಫೋನನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿದಳು. ಹಸಿರು ದೀಪ ಹತ್ತಿತು.

ಅವನು ನಕ್ಕುಬಿಟ್ಟ. ಮನಸಾರೆ.

ಹತ್ತು ಜನರ ಎದುರು ತಪ್ಪು ತೋರಿಸಿದರೂ ನಗುವ ಗಂಡಸು... ಇಂಥವರೂ ಇರ್ತಾರಾ? ಸಬೀಹಾಳ ಎದೆ ಅಲ್ಲೇ ಸ್ವಲ್ಪ ಮೆತ್ತಗಾಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ನಮಗೆ ಮಾತ್ರ ಗೊತ್ತು.

ಆಮೇಲೆ ಇಬ್ಬರಿಗೂ ಜಗಲಿಯಲ್ಲಿ ಹತ್ತು ನಿಮಿಷ ಮಾತಾಡಲು ಬಿಟ್ಟರು. ಅವಳು ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸುರಕ್ಷತೆ ಕಲಿಸುವವಳು. ಮನಸ್ಸಿನ ಮಾತನ್ನು ಇಂಟರ್ನೆಟ್ಟಿಗೆ ಏರಿಸಬಾರದು, ಒಮ್ಮೆ ಏರಿದ ಮೇಲೆ ಅದು ನಮ್ಮೊಬ್ಬರದಾಗಿ ಉಳಿಯುವುದಿಲ್ಲ ಎಂದು ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದಳು. ಅವನು ಶ್ರದ್ಧೆಯಿಂದ ಕೇಳಿದ. ತಾನು ಯಾವ ಸಾಮಾನನ್ನಾದರೂ ಒಂದು ತಿಂಗಳು ಬಳಸಿ ನೋಡದೆ ಯಾರಿಗೂ ಒಳ್ಳೆಯದೆಂದು ಹೇಳುವವನಲ್ಲ ಎಂದ.

"ಮನುಷ್ಯರನ್ನೂ ತಿಂಗಳು ನೋಡ್ತೀರಾ?"

"ಮನುಷ್ಯರಿಗೆ ಹತ್ತು ನಿಮಿಷ ಸಾಕು ಅಂತ ಈಗ ಗೊತ್ತಾಯ್ತು."

ನಿಖಾ ಎರಡು ತಿಂಗಳ ನಂತರಕ್ಕೆಂದು ನಿಶ್ಚಯವಾಯಿತು.

ನಿಶ್ಚಯವಾದ ಹುಡುಗಿಗೆ ಹುಡುಗನ ಕಡೆಯಿಂದ ಫೋನ್ ಬರುವುದು ಈಗ ಊರಿನ ರೂಢಿ. ಸಬೀಹಾಳಿಗೆ ಬಂದದ್ದು ತಿಂಗಳು ಕಳೆದ ಮೇಲೆ. ಅವಳದೇ ಕಾಲೇಜಿನಲ್ಲಿ ಓದುವ ನೌಫಲನ ತಂಗಿ ಉಝ್ಮಾ ಲ್ಯಾಬಿಗೇ ಡಬ್ಬಿ ತಂದುಕೊಟ್ಟಳು. ಆಸೆಯಿಂದ ಸಿಮ್ ಹಾಕಿ ಸೆಟ್ಟಿಂಗ್ಸ್ ತೆರೆದ ಸಬೀಹಾ ಹಾಗೆಯೇ ಕೂತುಬಿಟ್ಟಳು.

ಫೋನಿನಲ್ಲಿ ನೌಫಲನ ಅಕೌಂಟ್ ಇತ್ತು. ಫೋನ್ ಎಲ್ಲಿದೆ ಎಂದು ಹುಡುಕುವ ಸೌಲಭ್ಯವೂ ಆನ್ ಆಗಿತ್ತು. ಅಂದರೆ... ತಾನು ಯಾವ ಬಸ್ ಹತ್ತಿದೆ, ಎಲ್ಲಿ ಇಳಿದೆ ಎಂಬುದನ್ನೆಲ್ಲ ಅವನು ಅಂಗಡಿಯಲ್ಲಿ ಕೂತೇ ನೋಡಬಹುದು!

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಇದೇ ಮೇಜಿನ ಎದುರು ಅತ್ತದ್ದು ನೆನಪಾಯಿತು. ನಿಶ್ಚಯವಾದವನು ಕೊಟ್ಟ ಫೋನು, ನಿನ್ನೆ ಅರ್ಧ ಗಂಟೆ ಎಲ್ಲಿದ್ದೆ ಎಂಬ ಪ್ರಶ್ನೆ.

ಇವರೂ ಹಾಗೆಯೇನಾ? ಆ ನಗು ಬರೀ ತೋರಿಕೆಗಾ...?

ಒಳಗೆ ಏನಿದೆ ಎಂದು ಅವಳು ತೆರೆದು ನೋಡಲಿಲ್ಲ. ಇನ್ನೊಬ್ಬರ ಫೋನಿನೊಳಗೆ ಇಣುಕುವವಳು ಅವಳಲ್ಲ. ತನ್ನ ಒಂದು ನಂಬರೂ ಅದರಲ್ಲಿ ಉಳಿಯಬಾರದೆಂದು ಇಡೀ ಫೋನನ್ನು ಅಳಿಸಿ, ಚೀಟಿಯೊಂದಿಗೆ ವಾಪಸ್ ಕಳಿಸಿದಳು. 'ನನ್ನನ್ನು ನಂಬದವರ ಫೋನ್ ನನಗೆ ಬೇಡ. ನಿಖಾದ ಬಗ್ಗೆಯೂ ಉಪ್ಪನ ಹತ್ತಿರ ಮಾತಾಡ್ತೇನೆ.'

ಮೂರು ದಿನ ಆ ಕಡೆಯಿಂದ ಸದ್ದಿಲ್ಲ. ಇವಳೂ ತಂದೆಯ ಹತ್ತಿರ ಬಾಯಿ ಬಿಡಲಿಲ್ಲ. ಬಿಟ್ಟರೆ ನಿಖಾ ಮುರಿಯುತ್ತದಲ್ಲ... ಸಿಟ್ಟು ಎಷ್ಟೇ ಇದ್ದರೂ ಅದೊಂದು ಅವಳಿಗೆ ಬೇಡವಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಉಝ್ಮಾ ಲ್ಯಾಬಿನ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು.

"ಮೇಡಂ, ಅಳಿಸುವ ಮೊದಲು ಅದರಲ್ಲಿ ಬರೆದದ್ದು ಓದಿದ್ರಾ?"

ಓದಿರಲಿಲ್ಲ. ಆಗ ಉಝ್ಮಾ ಎಲ್ಲವನ್ನೂ ಹೇಳಿದಳು. ಅಣ್ಣ ಆ ಫೋನನ್ನು ತಿಂಗಳಿಡೀ ತಾನೇ ಬಳಸಿದ್ದ. ದಿನವೂ ಸಬೀಹಾಳಿಗೆಂದು ನಾಲ್ಕು ಸಾಲು ಬರೆದಿಟ್ಟಿದ್ದ. ಕೊಡುವ ಗಡಿಬಿಡಿಯಲ್ಲಿ ಅಕೌಂಟ್ ತೆಗೆಯಲು ಮರೆತಿದ್ದ.

"ಅವರ ಅಕೌಂಟಿನಲ್ಲಿ ಅದರ ಪ್ರತಿ ಇರ್ತದೆ, ಉಝ್ಮಾ. ಹೋಗುವುದಿಲ್ಲ."

"ಇಲ್ಲ ಮೇಡಂ. ಮನಸ್ಸಿನ ಮಾತು ಇಂಟರ್ನೆಟ್ಟಿಗೆ ಏರಿಸಬಾರದು ಅಂತ ನೀವೇ ಹೇಳಿದ್ದಂತಲ್ಲ. ಪ್ರತಿ ಏರಿಸುವುದನ್ನು ಅವತ್ತೇ ಬಂದ್ ಮಾಡಿದ್ದಾನೆ."

ಅಳಿಸಿದ ಫೋನಿನಿಂದ ಏನೂ ವಾಪಸ್ ಬರುವುದಿಲ್ಲವೆಂದು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಡುವವಳು ಸಬೀಹಾಳೇ. ತನ್ನ ಮಾತನ್ನು ಇಷ್ಟು ಅಕ್ಷರಶಃ ಪಾಲಿಸಿದ ಒಬ್ಬನೇ ಒಬ್ಬನನ್ನು ಅವಳು ಅನುಮಾನಿಸಿದ್ದಳು!

ಅಂದು ಮಧ್ಯಾಹ್ನವೇ ಉಪ್ಪನಿಗೆ ನಡೆದದ್ದನ್ನೆಲ್ಲ ಹೇಳಿ, ಅವರೊಂದಿಗೆ ಬಿ.ಸಿ.ರೋಡಿಗೆ ಹೋದಳು. ಅಂಗಡಿಯ ಎದುರು ಇಳಿದದ್ದೇ ಉಪ್ಪ ಅಬ್ದುಲ್ ರವೂಫರಿಗೆ ಚಹಾದ ನೆನಪಾಯಿತು. ನೀನು ಮಾತಾಡು ಮಗಳೇ, ಇಲ್ಲಿಯ ಚಹಾ ಭಾರಿ ಬಿಸಿ, ಕುಡಿಯಲು ಹೊತ್ತಾಗ್ತದೆ ಎಂದು ಹೇಳಿ ಎದುರಿನ ಹೋಟೆಲಿನಲ್ಲಿ ಅಂಗಡಿ ಕಾಣುವ ಮೇಜು ಹಿಡಿದು ಕೂತರು.

ಕೌಂಟರಿನ ಹಿಂದೆ ನೌಫಲ್ ಎದ್ದು ನಿಂತ. ಅವನ ಮುಖ ಬಾಡಿತ್ತು.

"ಕ್ಷಮಿಸಿ. ಕೇಳದೆ ತೀರ್ಮಾನ ಮಾಡಿದೆ," ಎಂದಳು ಸಬೀಹಾ.

"ತಪ್ಪು ನನ್ನದೂ ಉಂಟು. ಫೋನ್ ಕೊಡುವ ಮೊದಲು ಅಕೌಂಟ್ ತೆಗೀರಿ ಅಂತ ದಿನಾ ಗಿರಾಕಿಗಳಿಗೆ ಹೇಳುವವ ನಾನು."

"ಮತ್ತೆ ಮೂರು ದಿನ ಯಾಕೆ ಸುಮ್ಮನಿದ್ರಿ?"

"ನೀವು ಹೆದರಿದ್ದು ಸರಿಯೇ ಇತ್ತಲ್ಲ. ಹೆದರಿದವರಿಗೆ ಫೋನ್ ಮಾಡಿ ನನ್ನನ್ನು ನಂಬಿ ಅಂತ ಒತ್ತಾಯ ಮಾಡುವುದು ಹೇಗೆ?"

ಅವಳ ಕಣ್ಣು ತುಂಬಿತು. ಅವನು ಆ ಫೋನನ್ನೇ ತೆಗೆದು ಅವಳೆದುರು ಇಟ್ಟ.

"ಈಗ ಇದರಲ್ಲಿ ನನ್ನದು ಅಂತ ಏನೂ ಇಲ್ಲ. ಲಾಕ್ ನೀವೇ ಹಾಕಿಕೊಳ್ಳಿ. ನನಗೆ ಹೇಳುವುದು ಬೇಡ."

"ಬರೆದದ್ದು... ನೆನಪುಂಟಾ?"

ನೌಫಲ್ ತಲೆ ತಗ್ಗಿಸಿದ. ನೆನಪಿಲ್ಲದೆ ಇರುತ್ತದೆಯೇ! ಮೊದಲ ದಿನ, ಬ್ಯಾಟರಿ ಸಂಜೆಯವರೆಗೆ ಬಂತು ಎಂದು ಬರೆದಿದ್ದನಂತೆ. ಒಂಬತ್ತನೇ ದಿನ, ಉಂಗುರದ ಕವರ್ ತೆಗೆಯದೆ ಚಾರ್ಜರಿನ ಮೇಲೆ ಇಟ್ಟರೆ ಬರೀ ಬಿಸಿ, ನೀವು ಹೇಳಿದ್ದು ಸರಿ ಎಂದು.

"ಹದಿನೇಳನೇ ದಿನ ಕ್ಯಾಮೆರಾ ಪರೀಕ್ಷೆ ಮಾಡಬೇಕಿತ್ತು. 'ಫೋಟೋಕ್ಕೆ ಒಂದು ಮುಖ ಬೇಕು. ನನಗೆ ಬೇಕಾದ ಮುಖ ವಾಮದಪದವಿನಲ್ಲಿ ಉಂಟು' ಅಂತ ಬರೆದು ಪರೀಕ್ಷೆ ಬಿಟ್ಟುಬಿಟ್ಟೆ."

"ಕೊನೆಯ ದಿನ?"

"ಅದು... ಬಾಯಲ್ಲಿ ಹೇಳ್ಲಿಕ್ಕೆ ಆಗುವಂಥದ್ದಲ್ಲ."

"ಅಳಿಸಿದವಳು ನಾನು. ನಷ್ಟ ಆದದ್ದೂ ನನಗೇ. ಹೇಳಿ."

ಅವನು ಕೌಂಟರಿನ ಮೇಲಿದ್ದ ಚಾರ್ಜರುಗಳನ್ನು ಸುಮ್ಮನೆ ಸಾಲಾಗಿ ಜೋಡಿಸಿದ. ಆಮೇಲೆ ಮೆಲ್ಲಗೆ ಹೇಳಿದ.

"'ಫೋನ್ ಒಳ್ಳೆಯದುಂಟು, ಕೊಡಬಹುದು. ಕೊಡುವವ ಹೇಗೆ ಅಂತ ನೀವು ನೋಡಿ ಹೇಳಿ. ತಿಂಗಳು ಸಾಕಾಗದಿದ್ದರೆ ಜೀವಮಾನವಿಡೀ ನೋಡಿ.'"

ಸಬೀಹಾ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಎದುರಿನ ಹೋಟೆಲಿನಲ್ಲಿ ಉಪ್ಪ ಎರಡನೇ ಚಹಾ ಹೇಳಿದ್ದು ಕಾಣಿಸಿತು.

"ತಿಂಗಳೆಲ್ಲ ಬೇಡ," ಎಂದಳು. "ನನಗೂ ಅವತ್ತಿನ ಹತ್ತು ನಿಮಿಷ ಸಾಕಾಗಿತ್ತು."

ಅವನು ಫೋನನ್ನು ಪಕ್ಕದ ಚಾರ್ಜರಿನ ಮೇಲೆ ಗಡಿಬಿಡಿಯಲ್ಲಿ ಇಟ್ಟ, ಓರೆಯಾಯಿತು. ಅವಳು ಅದನ್ನು ಒಂದು ಬೆರಳಿನಷ್ಟು ಸರಿಸಿದಳು. ಹಸಿರು ದೀಪ ಹತ್ತಿತು. ಕೈಯನ್ನು ಅವಳು ಕೂಡಲೇ ಹಿಂದೆ ತೆಗೆದುಕೊಳ್ಳಲಿಲ್ಲ.

"ಉಳಿದ ಇಪ್ಪತ್ತಾರು ದಿನದ್ದು?" ಎಂದು ಕೇಳಿದಳು.

"ನಿಖಾಕ್ಕೂ ಅಷ್ಟೇ ದಿನ ಉಂಟಲ್ಲ. ದಿನಕ್ಕೊಂದು ಬರೆದು ಕಳಿಸ್ತೇನೆ."

"ಬರೆಯುವುದು ಬೇಡ. ಫೋನ್ ಮಾಡಿ ಬಾಯಲ್ಲೇ ಹೇಳಿ. ನಾನು ನೆನಪಿಟ್ಟುಕೊಳ್ತೇನೆ."