ಸೈಲೆಂಟ್ ಬಿಟ್ಟ ಜಾಗ

“ಮೇಡಂ, ನನ್ನ ಜಾಗ ಎಲ್ಲಿ ಹೋಯ್ತು?”

ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಅವನು ಕೇಳಿದ ರೀತಿ ನೋಡಿದ್ದರೆ, ನಾನೇ ಅವನ ಸೈಟು ಲಪಟಾಯಿಸಿದ್ದೇನೆ ಎಂದು ಯಾರಾದರೂ ಅಂದುಕೊಳ್ಳಬೇಕು.

“ಯಾವ ಜಾಗ?”

“ಎರಡನೇ ಚರಣ ಮುಗಿದ್ಮೇಲೆ ಸ್ವಲ್ಪ ಹೊತ್ತು ಸುಮ್ನೆ ಇದ್ದೆನಲ್ಲ. ಆ ಜಾಗ.”

“ಅಲ್ಲಿ ಏನೂ ಇರ್ಲಿಲ್ಲ ಕಣ್ರೀ. ಸಾಲು ಮರೆತ್ರಿ ಅಂದ್ಕೊಂಡು ಕತ್ತರಿಸಿ ಸೇರಿಸ್ದೆ. ಈಗ ಎಷ್ಟು ನೀಟಾಗಿದೆ ನೋಡಿ.”

“ಏನೂ ಇರ್ಲಿಲ್ಲ ಅಲ್ವಾ? ಅದೇ ಬೇಕಿತ್ತು ನಂಗೆ. ವಾಪಸ್ ಹಾಕಿ.”

ನನ್ನ ತಲೆ ಕೆಟ್ಟುಹೋಯಿತು. ರೆಕಾರ್ಡಿಂಗ್ ಮಾಡುವವರಿಗೆ ಅನ್ನ ಹಾಕುವುದೇ ಕತ್ತರಿ. ಕೆಮ್ಮು, ತೊದಲು, ಬಾಯಿ ಚಪ್ಪರಿಸಿದ್ದು, ಸಾಲು ಮರೆತು ಬೆಪ್ಪಾಗಿ ನಿಂತದ್ದು, ಎಲ್ಲವನ್ನೂ ತೆಗೆದು ಜನರನ್ನು ಅವರಿಗಿಂತ ಚೆನ್ನಾಗಿ ಕೇಳಿಸುವುದು ನನ್ನ ಕಸುಬು. ಎಲ್ಲರೂ ಖುಷಿಯಿಂದ ಹೋಗುತ್ತಾರೆ. ಈ ಪುಣ್ಯಾತ್ಮ ತನ್ನ ಮೌನವನ್ನು ವಾಪಸ್ ಕೇಳುತ್ತಿದ್ದ.

ಮುಖ ಊದಿಸಿಕೊಂಡು ಹಾಕಿಕೊಟ್ಟೆ. ಅವನು ಕಣ್ಣು ಮುಚ್ಚಿ ಕೇಳಿದ. ಆ ಖಾಲಿ ಜಾಗ ಬಂದಾಗ ಅವನ ತುಟಿ ಸದ್ದಿಲ್ಲದೆ ಒಂಚೂರು ಅಲುಗಿತು. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಎತ್ತ ಹೋಯಿತೋ ಗೊತ್ತಿಲ್ಲ.

ನನ್ನ ಸ್ಟುಡಿಯೋ ಎಂದರೆ ಹಾಸಿಗೆ ಅಂಗಡಿಯ ಮೇಲಿನ ಒಂದೇ ಕೋಣೆ. ಸದ್ದು ಒಳಬರದಂತೆ ಗೋಡೆಗಳಿಗೆಲ್ಲ ಹಾಸಿಗೆಯ ಸ್ಪಂಜಿನ ತುಂಡುಗಳನ್ನು ಅಂಟಿಸಿದ್ದೇನೆ. ತುಂಡುಗಳನ್ನು ಮೇಲೆ ತಂದುಕೊಟ್ಟವನು ಅವನೇ, ಅಂಗಡಿಯ ಡೆಲಿವರಿ ಆಳು. ಸ್ಪಂಜು ಇಳಿಸಿದವನು ಮೈಕಿನ ಮುಂದೆ ನಿಂತು, “ಇದು ಆನ್ ಇದ್ಯಾ?” ಎಂದ. ಇದೆ ಎಂದೆ. ಅಷ್ಟೇ ತಡ, ಅವನ ಬಾಯಿಂದ ರ‍್ಯಾಪ್ ಹಾಡಿನ ಪದಗಳು ಹುರಿಯುವ ಕಾಳಿನ ಹಾಗೆ ಸಿಡಿಯತೊಡಗಿದವು. ನನ್ನ ಕೈಯಲ್ಲಿದ್ದ ಅಂಟಿನ ಡಬ್ಬಿ ಒಣಗಿಹೋಯಿತು.

ಹೆಸರು ಕೇಳಿದಾಗ, “ಸೈಲೆಂಟ್ ಅಂತಾರೆ,” ಎಂದ.

“ನಿಮ್ಮನ್ನಾ?”

“ಗ್ಯಾಂಗಲ್ಲಿದ್ದಾಗ ಇಟ್ಟಿದ್ದು. ತಾರಸಿ ಮೇಲೆ ನಿಂತು ಯಾರು ಬರ್ತಾರೆ ಅಂತ ಕಾಯೋದು ನನ್ನ ಕೆಲ್ಸ. ಬಾಯಿ ಬಿಡೋ ಹಾಗಿರ್ಲಿಲ್ಲ. ಅದಕ್ಕೇ ಈಗ ಬಾಕಿಯೆಲ್ಲ ತೀರಿಸ್ತಿದೀನಿ.”

ಗ್ಯಾಂಗು ಎಂದ ಕೂಡಲೇ ನಾನು ಹೆದರಬೇಕಿತ್ತು. ಆದರೆ ಅವನ ಕೂದಲಲ್ಲಿ ಹತ್ತಿ ಸಿಕ್ಕಿಕೊಂಡಿತ್ತು. ತಲೆಯಲ್ಲಿ ಹತ್ತಿ ಇಟ್ಟುಕೊಂಡವನಿಗೆ ಹೆದರುವುದು ಹೇಗೆ?

ಅಂದಿನಿಂದ ಅಂಗಡಿ ಕೆಲಸ ಮುಗಿದ ಮೇಲೆ ಅವನು ಮೇಲೆ ಬರುತ್ತಿದ್ದ, ಹಾಡುತ್ತಿದ್ದ, ಕಾಲು ಕೆರೆದು ಜಗಳವಾಡುತ್ತಿದ್ದ. ಹಗಲಲ್ಲಿ ಹಾಸಿಗೆ ಹೊತ್ತು ನನ್ನ ಕಿಟಕಿಯ ಕೆಳಗೆ ಹಾದುಹೋಗುತ್ತಿದ್ದ. ತಲೆಯ ಮೇಲೆ ಹಾಸಿಗೆ ಇದ್ದಾಗ ಕತ್ತು ಎತ್ತುವಂತಿಲ್ಲವಲ್ಲ, ಕಣ್ಣನ್ನು ಮಾತ್ರ ಮೇಲೆತ್ತುತ್ತಿದ್ದ. ನಾನು ಕಿಟಕಿಯಲ್ಲಿ ಇಲ್ಲದ ದಿನ ಸಂಜೆ ಬಂದು, “ಇವತ್ತು ಕಿಟಕಿಗೆ ರಜಾನಾ?” ಎಂದು ಕೇಳುತ್ತಿದ್ದ. ನಾನು ದಿನಾ ಕಿಟಕಿ ಒರೆಸಲು ಶುರುಮಾಡಿದೆ. ಅಷ್ಟು ಫಳಫಳ ಹೊಳೆಯುವ ಕಿಟಕಿ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಒಂದು ಸಂಜೆ ಅವನ ಜೇಬಿನಿಂದ ಪುಟ್ಟ ಕಾಲುಚೀಲಗಳು ಜಾರಿ ಬಿದ್ದವು.

“ಮನೇಲಿ ಹೆಂಡ್ತಿ ಮಕ್ಕಳು ಇದ್ದಾರೆ ಅಂತ ಮೊದ್ಲೇ ಹೇಳ್ಬೋದಿತ್ತು,” ಎಂದೆ. ಧ್ವನಿ ಎಷ್ಟು ತಣ್ಣಗಿತ್ತೆಂದರೆ ನನಗೇ ಚಳಿಯಾಯಿತು.

“ಹೆಂಡ್ತಿ ಇಲ್ಲ. ಅಕ್ಕನ ಮಗಳಿಗೆ ಅದು,” ಎಂದವನು ನೆಲ ನೋಡಿದ.

ಮರುದಿನ ಸಂಜೆ ಅವನ ಅಕ್ಕನ ಸ್ಕೂಲ್ ವ್ಯಾನ್ ಅಂಗಡಿಯ ಮುಂದೆ ಬಂದು ನಿಂತಿತು. ಗಂಡ ಎನ್ನುವ ಪ್ರಾಣಿ ಬಿಟ್ಟುಹೋದ ಮೇಲೆ ಆಕೆ ಯಾರಿಗೂ ಜಗ್ಗದೆ ವ್ಯಾನ್ ಓಡಿಸಿಕೊಂಡು ಬದುಕಿದವಳು. ವ್ಯಾನಿನ ಕಿಟಕಿಯಿಂದ ಒಂದು ದುಂಡು ಮುಖ ಹೊರಗೆ ಬಂದು, “ಮಾಮಾ,” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿತು. ಗುಂಡಮ್ಮ ಎಂದು ಮನೆಯಲ್ಲಿ ಕರೆಯುವ ಹೆಸರು ಅವಳಿಗೆ ಒಪ್ಪುವ ಹಾಗೇ ಇತ್ತು. ಅವನು ಓಡಿಹೋಗಿ ಅವಳನ್ನು ಎತ್ತಿಕೊಂಡು ಗಿರ್ರನೆ ತಿರುಗಿಸಿದ. ಎರಡೂ ಮುಖಗಳು ಒಟ್ಟಿಗೆ ನಕ್ಕವು. ಅದೇ ಓರೆ ಹಲ್ಲು, ನಗುವಾಗ ಮುಚ್ಚಿಹೋಗುವ ಅದೇ ಎಡಗಣ್ಣು.

ವ್ಯಾನ್ ಹೋದ ಮೇಲೆ ತಮಾಷೆಗೆಂದು ಹೇಳಿದೆ: “ಅಚ್ಚು ಹಾಕಿದ ಹಾಗೆ ನಿಮ್ಮ ಥರಾನೇ ಇದಾಳೆ.”

ಅವನ ಮುಖದ ಬಣ್ಣವೇ ಇಳಿದುಹೋಯಿತು. ಮೆಟ್ಟಿಲ ಮೇಲೆ ಕುಸಿದು ಕುಳಿತ. ನಾನೂ ಪಕ್ಕದಲ್ಲಿ ಕುಳಿತೆ.

“ಅವಳು ನನ್ನ ಮಗಳು,” ಎಂದ. ನನ್ನ ಅತಿ ದುಬಾರಿ ಮೈಕಿಗೂ ಸಿಗದಷ್ಟು ಮೆಲ್ಲಗೆ.

ನಾನು ಅವನ ಕಡೆ ತಿರುಗಿ ಕುಳಿತೆ.

“ನಮ್ಮಲ್ಲಿ ಒಂದು ಪದ್ಧತಿ ಇತ್ತು. ಗ್ಯಾಂಗಲ್ಲಿರೋನಿಗೆ ಮಗು ಹುಟ್ಟಿದ್ರೆ ಅದು ಅವನ್ದಲ್ಲ. ಅಕ್ಕಂದು, ತಮ್ಮಂದು, ಇಲ್ಲಾ ಪಕ್ಕದ್ಮನೇದು. ಮಗು ಇದೆ ಅಂತ ಗೊತ್ತಾದ್ರೆ ಎದುರಿನೋರ ಕೈಗೆ ಜುಟ್ಟು ಕೊಟ್ಟ ಹಾಗೆ. ಇವಳ ಅಮ್ಮ ಜ್ವರ ಬಂದು ಹೋದಾಗ ಇವಳಿಗಿನ್ನೂ ಹಲ್ಲು ಬಂದಿರ್ಲಿಲ್ಲ. ನಾನು ಜೈಲಲ್ಲಿದ್ದೆ. ಅಕ್ಕ ಬಂದು ಎತ್ಕೊಂಡು ಹೋದ್ಲು, ತನ್ನ ಮಗು ಅಂತ್ಲೇ ಬೆಳೆಸಿದ್ಲು.”

ಅವನು ಮೆಟ್ಟಿಲ ಮೇಲೆ ಬೆರಳಾಡಿಸಿದ.

“ಒಳಗೆ ಕೂತು ಊಟದ ತಟ್ಟೆ ಮೇಲೆ ಹೀಗೆ ತಾಳ ಹಾಕ್ತಾ ಅವಳ ಹೆಸರಿಗೆ ಪ್ರಾಸ ಹುಡುಕ್ತಿದ್ದೆ. ಹೆಸರು ಮಾತ್ರ ಬಾಯಿ ಬಿಟ್ಟು ಹೇಳೋ ಹಾಗಿರ್ಲಿಲ್ಲ. ಆ ಜಾಗ ಬಿಟ್ಟು ಉಳಿದಿದ್ದೆಲ್ಲ ಹೇಳ್ದೆ. ಜೊತೇಲಿದ್ದೋರು ಕೇಳಿ, ಲೇ ಇದು ಹಾಡು ಕಣೋ ಅಂದ್ರು. ಹೊರಗೆ ಬಂದ್ಮೇಲೆ ಆ ಕಡೆ ತಲೆ ಹಾಕ್ಲಿಲ್ಲ. ಹಾಸಿಗೆ ಹೊತ್ತೆ, ಹಾಡು ಕಟ್ಟಿದೆ. ಪ್ರತಿ ಹಾಡಲ್ಲೂ ಅವಳಿಗೊಂದು ಜಾಗ ಬಿಡ್ತೀನಿ. ನೀವು ಕತ್ತರಿಸಿದ್ದು ಅದನ್ನೇ.”

ನನ್ನ ಕತ್ತರಿಯನ್ನು ನಾನೇ ಶಪಿಸಿಕೊಂಡೆ. ಜೊತೆಗೇ, ನಾಚಿಕೆಯಿಲ್ಲದೆ ಹೇಳುತ್ತೇನೆ, ಈ ಮನುಷ್ಯ ನನಗೆ ಬೇಕೇ ಬೇಕು ಎಂದೂ ಅನ್ನಿಸಿತು.

“ಅವಳು ನನ್ನ ಮಗಳು ಅಂತ ಎಲ್ಲರ ಮುಂದೆ ಹೇಳೋವರೆಗೂ ಇನ್ನೊಂದು ಮಾತು ಹೇಳೋ ಯೋಗ್ಯತೆ ನಂಗಿಲ್ಲ, ಮೇಡಂ.”

“ಯಾವ ಮಾತು?”

“ಅದನ್ನ ಹೇಳೋ ಹಾಗಿಲ್ಲ ಅಂದ್ನಲ್ಲ.”

“ಯಾರಿಗೆ ಹೇಳೋ ಮಾತು?”

“ಅದೂ ಹೇಳೋ ಹಾಗಿಲ್ಲ,” ಎಂದ. ಆದರೆ ಆ ಕಣ್ಣುಗಳಿಗೆ ಗುಟ್ಟು ಇಟ್ಟುಕೊಳ್ಳಲು ಬರುತ್ತಿರಲಿಲ್ಲ.

ಅವನಿಗೆ ಭಯವಿದ್ದದ್ದು ಎದುರು ಗ್ಯಾಂಗಿನ ಒಬ್ಬನದು. ಆ ಎದುರಾಳಿಗೆ ಗಡ್ಡ ಎಂದೇ ಹೆಸರು. ಹಿಂದೊಮ್ಮೆ ಹೊಡೆದಾಟದಲ್ಲಿ ಸೈಲೆಂಟ್ ಅವನ ಮಣಿಕಟ್ಟು ಮುರಿದಿದ್ದ. ನಿನ್ನ ಮನೆಯವರನ್ನು ಸುಮ್ಮನೆ ಬಿಡುವುದಿಲ್ಲ ಎಂದು ಗಡ್ಡ ನಡುಬೀದಿಯಲ್ಲಿ ಕೂಗಿದ್ದನಂತೆ. ಈಗ ಅವನೂ ಗ್ಯಾಂಗು ಬಿಟ್ಟು ಕಾರು ತೊಳೆಯುವ ಕೆಲಸದಲ್ಲಿದ್ದಾನೆ ಎಂದು ಸುದ್ದಿ.

“ಹೋಗಿ ಅವನ್ನೇ ಕೇಳಿ,” ಎಂದೆ.

“ನಿಮಗೇನು ಹುಚ್ಚಾ?”

“ಹಂಗಾದ್ರೆ ಜೀವನಪೂರ್ತಿ ಮಾಮ ಆಗಿರ್ತೀರಾ?”

ಆ ಮಾತು ಅವನಿಗೆ ನಾಟಿತು. ಎದ್ದು ನಿಂತು, “ನೀವೂ ಬರ್ತೀರಾ?” ಎಂದು ಕೇಳಿದ.

ನನ್ನ ಸ್ಕೂಟರಿನಲ್ಲೇ ಹೋದೆವು. ದಾರಿಯುದ್ದಕ್ಕೂ ಧೈರ್ಯ ಹೇಳಿದವಳು ನಾನು, ಅಲ್ಲಿ ಇಳಿದಾಗ ಅವನ ಬೆನ್ನ ಹಿಂದೆ ಅವಿತವಳೂ ನಾನೇ. ಪೈಪು ಹಿಡಿದು ಕಾರಿನ ಚಕ್ರಕ್ಕೆ ನೀರು ಬಿಡುತ್ತಿದ್ದವನು ತಿರುಗಿ ನೋಡಿದ. ಮುಖ ನುಣ್ಣಗಿತ್ತು.

“ಗಡ್ಡ ಎಲ್ಲೋ?” ಎಂದ ಸೈಲೆಂಟ್.

“ದಿನಾ ನೀರು ಬಿದ್ದು ತುರಿಕೆ ಆಯ್ತು. ತೆಗೆಸ್ದೆ. ಯಾಕೆ ಬಂದೆ?”

“ನಂಗೊಬ್ಳು ಮಗಳಿದಾಳೆ. ಅಕ್ಕನ ಮನೇಲಿ ಬೆಳೀತಿದಾಳೆ, ನನ್ನ ಮಾಮ ಅಂತಾಳೆ. ನನ್ನ ಮಗಳು ಅಂತ ಊರಿಗೆಲ್ಲ ಹೇಳ್ಬೇಕು ಅಂತಿದೀನಿ. ಮೊದ್ಲು ನಿಂಗೆ ಹೇಳ್ದೆ. ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೋ, ಅವಳ ತಂಟೆಗೆ ಹೋಗ್ಬೇಡ.”

ಗಡ್ಡ ನೀರು ನಿಲ್ಲಿಸಿದ. ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತ.

“ನಂಗೆ ಎರಡು,” ಎಂದ ಅವನು. “ತಮ್ಮನ ಮನೇಲಿದಾವೆ. ದೊಡ್ಡಪ್ಪ ಅಂತ ಕರೀತಾವೆ ನನ್ನ.”

“ಯಾಕೆ?”

“ನಿನ್ನ ಭಯಕ್ಕೆ ಕಣೋ, ಇನ್ಯಾಕೆ? ಕೈ ಮುರಿದೋನು ಮಕ್ಕಳನ್ನ ಬಿಡ್ತಾನಾ ಅಂತ.”

ನನಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಒಟ್ಟಿಗೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಗಡ್ಡನ ಹೆಗಲು ಕುಲುಕತೊಡಗಿತು. “ಎಂಥ ಬೆಪ್ಪುತಕ್ಕಡಿಗಳೋ ನಾವು,” ಎಂದು ನಗುತ್ತಾ ಕಣ್ಣೊರೆಸಿಕೊಂಡ. ಸೈಲೆಂಟ್ ಅವನ ಎದುರು ನೆಲದ ಮೇಲೆ, ಆ ಒದ್ದೆಯಲ್ಲೇ ಕುಳಿತುಬಿಟ್ಟ.

“ಕೈ ಇನ್ನೂ ಪೂರ್ತಿ ಮಡಚೋಕಾಗಲ್ಲ. ಅದನ್ನ ಮರ್ತಿಲ್ಲ ನಾನು,” ಎಂದ ಗಡ್ಡ. “ಆದ್ರೆ ಅದಕ್ಕೂ ಮಗೂಗೂ ಏನು ಸಂಬಂಧ? ಹೋಗು, ಹೇಳ್ಕೋ ಹೋಗು. ಇವತ್ತು ನಾನೂ ಮನೇಗೆ ಹೋಗಿ ಹೇಳ್ತೀನಿ.”

ನಾವು ಹೊರಡುವ ಮೊದಲು ಗಡ್ಡ ನನ್ನ ಸ್ಕೂಟರನ್ನು ತಿಕ್ಕಿ ತೊಳೆದುಕೊಟ್ಟ. ಬೇಡವೆಂದರೂ ಕೇಳಲಿಲ್ಲ. ಆ ಮನುಷ್ಯನನ್ನು ನೆನೆದಾಗಲೆಲ್ಲ ಅವನ ಮಕ್ಕಳು ತಣ್ಣಗಿರಲಿ ಎಂದು ಮನಸ್ಸು ಹಾರೈಸುತ್ತದೆ.

ಆ ವಾರ ಸೈಲೆಂಟ್ ಹಾಡಿದ ಹಾಡಿನಲ್ಲಿ ಖಾಲಿ ಜಾಗ ಇರಲಿಲ್ಲ. ಮಗಳ ಹೆಸರು ಹೇಳಿದ ಮೇಲೆ ಮುಂದಿನ ಎರಡು ಪದ ಒಡೆದುಹೋದವು. ನಾನು ಒಂದನ್ನೂ ಮುಟ್ಟಲಿಲ್ಲ.

“ಇದು ಜನಕ್ಕೆ ಕೇಳ್ಸೋ ಮೊದ್ಲು ಅವಳಿಗೆ ಗೊತ್ತಾಗ್ಬೇಕು,” ಎಂದ. “ಅವಳು ಒಪ್ಪದಿದ್ರೆ?”

ನಾನು ಸ್ಕೂಟರಿನ ಕೀಲಿ ತೆಗೆದುಕೊಂಡೆ. ಒಟ್ಟಿಗೇ ಹೋದೆವು.

ಅಂದು ಶಾಲೆಗೆ ರಜೆ. ಅಕ್ಕನ ವ್ಯಾನು ಮನೆಯ ಮುಂದೆ ನಿಂತಿತ್ತು. ಗುಂಡಮ್ಮ ಡ್ರೈವರ್ ಸೀಟಿನಲ್ಲಿ ಮಂಡಿಯೂರಿ ಸ್ಟೇರಿಂಗ್ ತಿರುಗಿಸುತ್ತಿದ್ದಳು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ತಮ್ಮ ಫೋನಿನಲ್ಲಿ ಎಲ್ಲ ಹೇಳಿದ್ದ. ಅವಳ ಕಣ್ಣು ಕೆಂಪಾಗಿತ್ತು, ಆದರೂ ನನ್ನನ್ನು ನೋಡಿ, “ಬಾಮ್ಮ,” ಎಂದಳು.

ಅವನು ವ್ಯಾನಿನ ಮೆಟ್ಟಿಲ ಮೇಲೆ ಕುಳಿತ.

“ಗುಂಡಮ್ಮ, ನಾನು ನಿನ್ನ ಮಾಮ ಅಲ್ಲ ಪುಟ್ಟಾ.”

ಸ್ಟೇರಿಂಗ್ ನಿಂತಿತು. “ಮತ್ತೆ?”

“ಅಪ್ಪ.”

“ಯಾರ ಅಪ್ಪ?”

“ನಿನ್ನ ಅಪ್ಪ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಭಯ ಆಗಿತ್ತು.”

“ನಂಗೂ ಭಯ ಆಗತ್ತೆ. ಆದ್ರೂ ಹೇಳ್ತೀನಿ ನಾನು,” ಎಂದವಳು ತಟ್ಟನೆ ಅಕ್ಕನ ಕಡೆ ತಿರುಗಿದಳು. “ಹಂಗಾದ್ರೆ ನೀನು?”

ವ್ಯಾನಿನ ಅಷ್ಟೂ ಮಕ್ಕಳನ್ನು ಒಂದೇ ಕೂಗಿಗೆ ಸುಮ್ಮನಾಗಿಸುವ ಅಕ್ಕ ತೊದಲಿದಳು. “ನಾನು... ನಾನು ನಿನ್ನ ಅತ್ತೆ...”

“ಇಲ್ಲ,” ಎಂದು ಅವನು ಎದ್ದು ನಿಂತ. “ಅವಳು ಅಮ್ಮ. ಅವಳೇ ಅಮ್ಮ. ಅದು ಬದಲಾಗಲ್ಲ.” ಅಕ್ಕನ ಎರಡೂ ಕೈ ಹಿಡಿದುಕೊಂಡ. “ಅವಳನ್ನ ಕರ್ಕೊಂಡು ಹೋಗೋಕೆ ಬಂದಿಲ್ಲ ಅಕ್ಕ. ನಿಮ್ಮ ಜೊತೆ ಸೇರ್ಕೊಳೋಕೆ ಬಂದಿದೀನಿ. ನೀನಿಲ್ದಿದ್ರೆ ಅವಳೂ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ. ಈ ಋಣ ತೀರ್ಸೋಕೆ ನನ್ನ ಕೈಲಾಗಲ್ಲ. ಪಕ್ಕದಲ್ಲಿ ಇರ್ತೀನಿ, ಅಷ್ಟೇ.”

ಅಕ್ಕ ಅವನ ತಲೆಗೊಂದು ಮೊಟಕಿ, ಅವನ ಎದೆಯಲ್ಲೇ ಮುಖವಿಟ್ಟು ಅತ್ತಳು. ನಾನು ಆಚೆ ತಿರುಗಿ ಕಣ್ಣೊರೆಸಿಕೊಂಡೆ.

ಗುಂಡಮ್ಮನಿಗೆ ಬೇರೆಯದೇ ಚಿಂತೆ ಹತ್ತಿತ್ತು. “ಅಮ್ಮ ಇದಾಳೆ. ಅಪ್ಪ ಬಂದ. ಮಾಮ ಹೋದ,” ಎಂದು ಬೆರಳು ಮಡಚಿದಳು. ಕೆಳತುಟಿ ಅದುರತೊಡಗಿತು. “ನಂಗೆ ಮಾಮ ಬೇಕು.”

ಅವಳು ಸುತ್ತ ನೋಡಿದಳು. ಉಳಿದಿದ್ದವಳು ನಾನೊಬ್ಬಳೇ.

“ನೀನ್ಯಾರು?”

“ನಾನಾ... ನಿಮ್ಮಪ್ಪನ ಹಾಡು ರೆಕಾರ್ಡ್ ಮಾಡೋಳು.”

“ನೀನೇ ಮಾಮ ಆಗು.”

“ನಂಗೆ ಬರತ್ತಾ?”

“ಕಷ್ಟ ಇಲ್ಲ. ಬಂದ ತಕ್ಷಣ ನನ್ನ ಎತ್ಕೊಂಡು ತಿರುಗಿಸ್ಬೇಕು. ಸಾಯಂಕಾಲ ಆದ್ರೆ ವಾಪಸ್ ಹೋಗ್ಬೇಕು.”

“ವಾಪಸ್ ಹೋಗೋದು ಬೇಡ,” ಎಂದ ಅವನು. ಹೇಳಿದ್ದು ಮಗಳಿಗೆ, ನೋಡಿದ್ದು ನನ್ನನ್ನು. ಹಾಡುವಾಗ ಉಸಿರು ತೆಗೆದುಕೊಳ್ಳಲೂ ನಿಲ್ಲದವನು ಪದ ಪದಕ್ಕೂ ತಡವರಿಸುತ್ತಿದ್ದ. “ಈ ಮಾಮ... ನಮ್ಮ ಜೊತೇನೇ ಇದ್ಬಿಡ್ಲಿ ಅಂತ... ನಂಗೆ ತುಂಬ ದಿನದಿಂದ ಆಸೆ. ಅವರಿಗೆ ಇಷ್ಟ ಇದ್ರೆ.”

“ಸದ್ಯ, ಬಾಯಿ ಬಂತಲ್ಲ ನಿಂಗೆ,” ಎಂದಳು ಅಕ್ಕ ಮೂಗೊರೆಸಿಕೊಳ್ಳುತ್ತಾ.

ನಾನು ವ್ಯಾನ್ ಹತ್ತಿದೆ. ಅವಳನ್ನು ಎತ್ತಿಕೊಂಡು ಕೆಳಗಿಳಿದು, ಅಂಗಳದಲ್ಲಿ ಗಿರ್ರನೆ ತಿರುಗಿಸಿದೆ. ಅವಳು ಕಿಲಕಿಲ ನಕ್ಕಳು. ತಲೆ ಸುತ್ತಿ ಬೀಳುವ ಮೊದಲು ಅವನು ನನ್ನ ಹೆಗಲು ಹಿಡಿದುಕೊಂಡ.

“ಇಷ್ಟ ಇದೆ,” ಎಂದೆ.

ಈಗ ನಾವು ನಾಲ್ವರೂ ಒಂದೇ ಮನೆಯಲ್ಲಿದ್ದೇವೆ. ಶಾಲೆ ಬಿಟ್ಟಾಗ ಗೇಟಿನಲ್ಲಿ ನಾನು ನಿಂತಿರುತ್ತೇನೆ. ದೂರದಿಂದಲೇ ಗುಂಡಮ್ಮ, “ಮಾಮಾ,” ಎಂದು ಕೂಗುತ್ತಾ ಓಡಿಬರುತ್ತಾಳೆ. ಅಲ್ಲಿ ನಿಂತ ಅಪ್ಪ ಅಮ್ಮಂದಿರು ಯಾರನ್ನು ಕರೆದಳೆಂದು ಹಿಂದೆ ಮುಂದೆ ನೋಡುತ್ತಾರೆ. ನಾನು ಓಗೊಟ್ಟು ಕೈ ಚಾಚುತ್ತೇನೆ.